ಡಿವ್ನೊಗೋರ್ಸ್ಕ್: ನದಿ ಹೆಪ್ಪುಗಟ್ಟುವುದನ್ನೇ ಮರೆತ ಊರು

ಸೈಬೀರಿಯಾದ ಜನವರಿ. ಉಷ್ಣಾಂಶ ಮೈನಸ್ 30 ಡಿಗ್ರಿ. ನದಿಯ ಮೇಲೆ ಲಾರಿ ಓಡಿಸುವಷ್ಟು ದಪ್ಪ ಮಂಜುಗಡ್ಡೆ ಕಟ್ಟಿರಬೇಕಾದ ಹೊತ್ತು. ಆದರೆ ಡಿವ್ನೊಗೋರ್ಸ್ಕ್ ಪಕ್ಕದ ಯೆನಿಸೇ ನದಿ ಮಾತ್ರ ಹರಿಯುತ್ತಲೇ ಇರುತ್ತೆ, ಮೇಲೆ ಒಲೆಯ ಮೇಲಿಟ್ಟ ಪಾತ್ರೆಯ ಹಾಗೆ ಹಬೆ. ಇದರ ಫೋಟೊ ಮೊದಲ ಸಲ ನೋಡಿದಾಗ ಯಾವುದೋ ಕಾರ್ಖಾನೆ ಬಿಸಿನೀರು ಬಿಡ್ತಿದೆ ಅಂದ್ಕೊಂಡಿದ್ದೆ. ಅಲ್ಲ. ಅದು ಜಲವಿದ್ಯುತ್ತಿನ ಕೆಲಸ. ಎಂಜಿನಿಯರಿಂಗ್ ಓದುವಾಗ ನಾವು 'ಹೊಗೆಯಿಲ್ಲದ ವಿದ್ಯುತ್' ಎಂದು ಬರೆದು ಅಂಕ ಗಿಟ್ಟಿಸಿದ ಅದೇ ಜಲವಿದ್ಯುತ್ತು.

ಮೊದಲು ಊರಿನ ವಿಚಾರ. ಡಿವ್ನೊಗೋರ್ಸ್ಕ್ ಅಂದರೆ ಹೆಚ್ಚುಕಮ್ಮಿ 'ಸೋಜಿಗದ ಬೆಟ್ಟಗಳ ಊರು'. ಕ್ರಾಸ್ನೊಯಾರ್ಸ್ಕ್ ನಗರದಿಂದ ನದಿಯ ಮೇಲ್ಭಾಗಕ್ಕೆ 30–40 ಕಿ.ಮೀ. ಹಿಂದೆ ಇಲ್ಲಿ ಕಾಡಿನ ನಡುವೆ ಒಂದು ಸಣ್ಣ ಮಠ ಇತ್ತು. 1950ರ ದಶಕದ ಮಧ್ಯದಲ್ಲಿ ಅಣೆಕಟ್ಟಿನ ತೀರ್ಮಾನ ಆದಮೇಲೆ ಕೊಮ್ಸೊಮೊಲ್, ಅಂದರೆ ಕಮ್ಯುನಿಸ್ಟ್ ಯುವಸಂಘಟನೆಯ ಹುಡುಗ ಹುಡುಗಿಯರು ಬಂದು ಟೆಂಟು ಹಾಕಿದರು. 1957ರಲ್ಲಿ ಕಾರ್ಮಿಕರ ವಸತಿ, 1963ರಲ್ಲಿ ಪಟ್ಟಣದ ಸ್ಥಾನ. ಇವತ್ತು ಸುಮಾರು 30 ಸಾವಿರ ಜನ. ಅಣೆಕಟ್ಟು ಬಿಟ್ಟರೆ ಸರ್ಕ್ಯೂಟ್ ಬ್ರೇಕರ್ ತರಹದ ವಿದ್ಯುತ್ ಸಾಮಾನು ಮಾಡುವ ಕಾರ್ಖಾನೆ ಊರಿಗೆ ಇನ್ನೊಂದು ಗುರುತು.

1963ರ ಮಾರ್ಚ್‌ನಲ್ಲಿ ನದಿಗೆ ಅಡ್ಡ ಕಟ್ಟಿದರು. 1967ರಲ್ಲಿ ಮೊದಲ ಟರ್ಬೈನ್ ತಿರುಗಿತು, 1971ರ ಹೊತ್ತಿಗೆ ಹನ್ನೆರಡೂ. ಒಂದೊಂದೂ 500 ಮೆಗಾವ್ಯಾಟ್, ಒಟ್ಟು 6,000. ನಮ್ಮ ಶರಾವತಿ ಜಲವಿದ್ಯುತ್ ಕೇಂದ್ರದ್ದು 1,035 ಮೆಗಾವ್ಯಾಟ್ ಅಂದರೆ ಅಳತೆ ಗೊತ್ತಾಗುತ್ತೆ. 124 ಮೀಟರ್ ಎತ್ತರದ ಈ ಕಾಂಕ್ರೀಟ್ ಗೋಡೆಯ ಚಿತ್ರ ರಷ್ಯಾದ 10 ರೂಬಲ್ ನೋಟಿನ ಹಿಂಬದಿಯಲ್ಲಿದೆ.

ಇನ್ನು ಆ ಹಬೆಗೆ ಬರೋಣ. ನೀರು ಅತಿ ಹೆಚ್ಚು ಸಾಂದ್ರವಾಗಿರುವುದು ಸೊನ್ನೆಯಲ್ಲಲ್ಲ, 4 ಡಿಗ್ರಿಯಲ್ಲಿ. ಹಾಗಾಗಿ ಚಳಿಗಾಲದಲ್ಲಿ ಆಳದ ಜಲಾಶಯದ ಮೇಲ್ಮೈ ಗಡ್ಡೆಕಟ್ಟಿದರೂ ಅದಕ್ಕಿಂತ ಕೊಂಚ ಬೆಚ್ಚಗಿನ ನೀರು ತಳದಲ್ಲಿ ಉಳಿಯುತ್ತೆ. ಟರ್ಬೈನಿಗೆ ನೀರು ಎಳೆಯುವುದು ಮೇಲಿನಿಂದ ಅಲ್ಲ, ಆಳದಿಂದ. ಅಣೆಕಟ್ಟಿನ ಕೆಳಗೆ ಬಂದ ಆ ನೀರು ತನ್ನ ಶಾಖ ಕಳೆದುಕೊಂಡು ಸೊನ್ನೆಗೆ ಇಳಿಯಬೇಕಾದರೆ ಬಹಳ ದೂರ ಹರಿಯಬೇಕು. ಎಷ್ಟು ದೂರ? 200 ಕಿ.ಮೀ.ಗಿಂತಲೂ ಹೆಚ್ಚು. ವಿನ್ಯಾಸಕಾರರು ಅಂದಾಜಿಸಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಬೇಸಿಗೆಯಲ್ಲಿ ಇದೇ ಲೆಕ್ಕ ತಿರುವುಮುರುವು: ಮೇಲಿನ ನೀರು ಕಾದಿರುತ್ತೆ, ಕೆಳಗೆ ಬರುವುದು ತಳದ ತಣ್ಣೀರು. ಜುಲೈ ಬಿಸಿಲಿನಲ್ಲೂ ಕ್ರಾಸ್ನೊಯಾರ್ಸ್ಕ್ ಜನ ತಮ್ಮೂರ ನದಿಯಲ್ಲಿ ಆರಾಮವಾಗಿ ಈಜುವ ಹಾಗಿಲ್ಲ.

ಅಂದರೆ ನದಿಯ ಋತುಗಳನ್ನೇ ಅದಲುಬದಲು ಮಾಡಿದ್ದಾರೆ. ಅದರ ಖರ್ಚು ಯಾವ ಯೂನಿಟ್ ದರದಲ್ಲೂ ಸೇರಿಲ್ಲ.

ಕೆಳಗಿನ ಕ್ರಾಸ್ನೊಯಾರ್ಸ್ಕ್ ಹತ್ತು ಲಕ್ಷಕ್ಕೂ ಹೆಚ್ಚು ಜನರ ನಗರ, ಬೆಟ್ಟಗಳ ನಡುವಿನ ಕಣಿವೆಯಲ್ಲಿದೆ. ಗಾಳಿ ನಿಂತ ಚಳಿಯ ದಿನಗಳಲ್ಲಿ ಹೊಗೆ ಮೇಲೇರದೆ ಅಲ್ಲೇ ಕೂರುತ್ತೆ, ನದಿಯ ಹಬೆ ಅದರ ಜೊತೆ ಬೆರೆಯುತ್ತೆ. ಜನ ಆ ದಿನಗಳನ್ನು 'ಕಪ್ಪು ಆಕಾಶ' ಅಂತಾರೆ. ಇಲ್ಲಿ ಒಂದು ಎಚ್ಚರ ಬೇಕು: ವಿಷ ನದಿಯದ್ದಲ್ಲ. ಹೊಗೆ ಬರುವುದು ಕಂದು ಕಲ್ಲಿದ್ದಲು ಉರಿಸುವ ಶಾಖ-ವಿದ್ಯುತ್ ಸ್ಥಾವರಗಳಿಂದ, ಖಾಸಗಿ ಮನೆಗಳ ಒಲೆಗಳಿಂದ, ವಾಹನಗಳಿಂದ, ಅಲ್ಯೂಮಿನಿಯಂ ಕಾರ್ಖಾನೆಯಿಂದ. ಅಣೆಕಟ್ಟನ್ನೇ ಖಳನಾಯಕ ಮಾಡಿ ಕೈತೊಳೆದುಕೊಂಡರೆ ಕಲ್ಲಿದ್ದಲಿನವರಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ.

ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಪಕ್ಕದಲ್ಲೇ 6,000 ಮೆಗಾವ್ಯಾಟ್ ಇರುವ ನಗರ ಚಳಿ ಕಾಯಿಸಲು ಕಲ್ಲಿದ್ದಲು ಯಾಕೆ ಸುಡುತ್ತೆ?

ಉತ್ತರಕ್ಕೆ ಕ್ರಾಸ್ನೊಯಾರ್ಸ್ಕ್‌ನ ಅಲ್ಯೂಮಿನಿಯಂ ಕಾರ್ಖಾನೆ ನೋಡಬೇಕು. 1964ರಲ್ಲಿ ಶುರುವಾದ ಇದು ವರ್ಷಕ್ಕೆ ಸುಮಾರು 10 ಲಕ್ಷ ಟನ್ ತಯಾರಿಸುತ್ತೆ. ಒಂದು ಟನ್ ಅಲ್ಯೂಮಿನಿಯಂಗೆ ಹತ್ತಿರಹತ್ತಿರ 15 ಸಾವಿರ ಯೂನಿಟ್ ವಿದ್ಯುತ್ ಬೇಕು. ಗುಣಿಸಿ: ಸುಮಾರು 1,500 ಕೋಟಿ ಯೂನಿಟ್. ಅಣೆಕಟ್ಟಿನ ವಾರ್ಷಿಕ ಉತ್ಪಾದನೆ 1,800–2,000 ಕೋಟಿ ಯೂನಿಟ್ ಆಸುಪಾಸು. ಗ್ರಿಡ್ಡಿನಲ್ಲಿ ಯಾವ ಯೂನಿಟ್ ಯಾರದ್ದು ಅಂತ ಹಣೆಪಟ್ಟಿ ಇರಲ್ಲ ನಿಜ, ಆದರೆ ಅಣೆಕಟ್ಟು ಯಾರಿಗಾಗಿ ಎದ್ದಿತು ಅನ್ನೋದು ಈ ಎರಡು ಸಂಖ್ಯೆಗಳಲ್ಲೇ ಇದೆ. ಸೋವಿಯತ್ ಕಾಲದಲ್ಲಿ ಎರಡೂ ಸರ್ಕಾರದ್ದೇ. ಖಾಸಗೀಕರಣದ ನಂತರ ಎರಡೂ ಒಂದೇ ಗುಂಪಿನ ಕೈಗೆ ಬಂದವು: ಅಣೆಕಟ್ಟು ಇಎನ್+ ಕಂಪನಿಯದ್ದು, ಕಾರ್ಖಾನೆ ನಡೆಸುವ ರುಸಾಲ್‌ನಲ್ಲಿ ಬಹುಪಾಲು ಷೇರು ಕೂಡ ಇಎನ್+ ಬಳಿಯೇ. ಉದ್ಯಮಿ ಒಲೆಗ್ ಡೆರಿಪಾಸ್ಕಾ ಕಟ್ಟಿದ ಸಾಮ್ರಾಜ್ಯ ಇದು. 2018ರಲ್ಲಿ ಅಮೆರಿಕ ಇವರೆಲ್ಲರ ಮೇಲೆ ನಿರ್ಬಂಧ ಹೇರಿತು. ಡೆರಿಪಾಸ್ಕಾ ತಮ್ಮ ಪಾಲು ಇಳಿಸಿಕೊಳ್ಳಲು ಒಪ್ಪಿದ ಮೇಲೆ 2019ರ ಜನವರಿಯಲ್ಲಿ ಕಂಪನಿಗಳನ್ನು ಪಟ್ಟಿಯಿಂದ ಕೈಬಿಟ್ಟಿತು. ಇಲ್ಲಿನ ಲೋಹಕ್ಕೆ ಈಗ ಮಾರುಕಟ್ಟೆಯಲ್ಲಿ 'ಕಡಿಮೆ ಇಂಗಾಲದ ಅಲ್ಯೂಮಿನಿಯಂ' ಎಂಬ ಹೆಸರು. ಜಲವಿದ್ಯುತ್ತಿನಿಂದ ಮಾಡಿದ್ದಲ್ವಾ! ಸುಳ್ಳಲ್ಲ. ಅದೇ ನಗರದ ಅಜ್ಜಿ ಒಲೆಗೆ ಹಾಕುವ ಕಲ್ಲಿದ್ದಲು ಮಾತ್ರ ಆ ಲೆಕ್ಕದಲ್ಲಿ ಬರಲ್ಲ.

ಮುಳುಗಡೆಯದ್ದು ಇನ್ನೊಂದು ಕತೆ. 388 ಕಿ.ಮೀ. ಉದ್ದದ ಜಲಾಶಯಕ್ಕೆ 1.2 ಲಕ್ಷ ಹೆಕ್ಟೇರ್ ಕೃಷಿಭೂಮಿ ಹೋಯಿತು, 13,750 ಕಟ್ಟಡಗಳನ್ನು ಎಬ್ಬಿಸಬೇಕಾಯಿತು. ನೀರು ಏರುವ ಮುಂಚೆ ಪುರಾತನ ಸಮಾಧಿಗಳನ್ನು ಅಗೆದು ದಾಖಲಿಸಲು ಪುರಾತತ್ವಜ್ಞ ಮಿಖಾಯಿಲ್ ಗ್ರ್ಯಾಜ್ನೊವ್ ತಂಡ ವರ್ಷಗಟ್ಟಲೆ ದುಡಿಯಿತು. ಹಡಗುಗಳು ಗೋಡೆ ದಾಟಲಿ ಅಂತ ರಷ್ಯಾದಲ್ಲಿ ಬೇರೆಲ್ಲೂ ಇಲ್ಲದ ಲಿಫ್ಟ್ ಕಟ್ಟಿದರು: ನೀರು ತುಂಬಿದ ದೊಡ್ಡ ತೊಟ್ಟಿಯಲ್ಲಿ ಹಡಗನ್ನು ತೇಲಿಸಿ, ಹಳಿಯ ಮೇಲೆ ಬೆಟ್ಟ ಹತ್ತಿಸುವ ಯಂತ್ರ. ಎಂಜಿನಿಯರ್ ಆಗಿ ನನಗೆ ಅದರ ಮೇಲೆ ಈಗಲೂ ಮೋಹ. ಮೀನಿಗೆ ಅಂಥ ದಾರಿ ಮಾಡಿಕೊಡಲಿಲ್ಲ.

ಇದನ್ನೆಲ್ಲ ನೋಡುತ್ತಾ ಬದುಕಿದವರಲ್ಲಿ ಲೇಖಕ ವಿಕ್ಟರ್ ಅಸ್ತಾಫಿಯೆವ್ ಒಬ್ಬರು. ಡಿವ್ನೊಗೋರ್ಸ್ಕ್ ಮತ್ತು ಕ್ರಾಸ್ನೊಯಾರ್ಸ್ಕ್ ನಡುವಿನ ಓವ್ಸ್ಯಾಂಕಾ ಹಳ್ಳಿಯಲ್ಲಿ 1924ರಲ್ಲಿ ಹುಟ್ಟಿದವರು. ಅವರ ತಾಯಿ ಮುಳುಗಿ ಸತ್ತದ್ದು ಇದೇ ಯೆನಿಸೇಯಲ್ಲಿ. ನದಿಯ ಮೇಲೆ ಮನುಷ್ಯನ ದುರಾಸೆಯ ಬಗ್ಗೆ 1976ರಲ್ಲಿ 'ತ್ಸಾರ್ ಮೀನು' ಬರೆದರು. ಈಗ ಅದೇ ಹೆದ್ದಾರಿಯ ಪಕ್ಕ, ನದಿ ಕಾಣುವ ಎತ್ತರದ ಜಾಗದಲ್ಲಿ ಬಲೆಯಲ್ಲಿ ಸಿಕ್ಕ ದೊಡ್ಡ ಮೀನಿನ ಲೋಹದ ಸ್ಮಾರಕವಿದೆ. ಪ್ರವಾಸಿಗಳು ನಿಂತು ಫೋಟೊ ತೆಗೆಸಿಕೊಳ್ತಾರೆ.

ರಷ್ಯಾ ಸರ್ಕಾರ 2018ರ ನಂತರ 'ಶುದ್ಧ ಗಾಳಿ' ಯೋಜನೆಗೆ ಆರಿಸಿದ ಮೊದಲ 12 ನಗರಗಳಲ್ಲಿ ಕ್ರಾಸ್ನೊಯಾರ್ಸ್ಕ್ ಕೂಡ ಇದೆ. ಹಳೆ ಬಾಯ್ಲರ್ ಮನೆಗಳನ್ನು ಮುಚ್ಚುವುದು, ಮನೆಮನೆಯ ಒಲೆಗಳನ್ನು ಬದಲಿಸುವುದು ಅದರ ಕೆಲಸಗಳಲ್ಲಿ ಸೇರಿವೆ. ನಗರಕ್ಕೆ ಪೈಪ್‌ಲೈನ್ ಗ್ಯಾಸ್ ಬಂದಿಲ್ಲ. ಹಾಗಾದಾಗ ಒಲೆಗೆ ನೇರ ಪರ್ಯಾಯ ಅಂದ್ರೆ ವಿದ್ಯುತ್ ಹೀಟರ್. ಅದು ಮನೆಯವರಿಗೆ ಕಲ್ಲಿದ್ದಲಿಗಿಂತ ಅಗ್ಗವಾಗಬೇಕಾದರೆ ದರ ಇಳಿಸಬೇಕು, ಇಳಿಸಿದ ದುಡ್ಡನ್ನು ಯಾರೋ ಭರಿಸಬೇಕು. ಅಣೆಕಟ್ಟಿನ ಒಡೆಯರಾ, ಸರ್ಕಾರವಾ ಅನ್ನುವಲ್ಲಿಗೆ ಮಾತು ಬಂದು ನಿಲ್ಲುತ್ತೆ.