ಖರೀದಿಗೆ ಆನ್‌ಲೈನ್ ಹರಾಜು: ಕಂಪನಿಗಳು ಎಡವುವುದು ಎಲ್ಲಿ?

ಹರಾಜು ಎಂದೊಡನೆ ನಮ್ಮ ಗಡಿನಾಡಿನವರ ಕಣ್ಣಮುಂದೆ ಬರುವುದು ಎಪಿಎಂಸಿ ಅಂಗಳ. ಆದೋನಿಯ ಹತ್ತಿಯಾಗಲಿ, ಸೊಲ್ಲಾಪುರದ ಈರುಳ್ಳಿಯಾಗಲಿ, ಮಾರುವವನು ಒಬ್ಬ, ಕೊಳ್ಳುವವರು ಹಲವರು. ದರ ಏರುತ್ತ ಹೋಗುತ್ತದೆ. ಕಂಪನಿಗಳು ತಮ್ಮ ಖರೀದಿಗೆ ಬಳಸುವ ಆನ್‌ಲೈನ್ ಹರಾಜು ಇದಕ್ಕೆ ತದ್ವಿರುದ್ಧ. ಅಲ್ಲಿ ಕೊಳ್ಳುವ ಕಂಪನಿ ಒಂದೇ, ಮಾರುವವರು ಹಲವರು. ನಿಗದಿತ ಹೊತ್ತಿಗೆ ಎಲ್ಲರೂ ಕಂಪ್ಯೂಟರ್ ಮುಂದೆ ಕೂತು ಒಬ್ಬರಿಗಿಂತ ಒಬ್ಬರು ಕಡಿಮೆ ದರ ಹಾಕುತ್ತಾರೆ. ಸಾಮಾನ್ಯವಾಗಿ ಪರದೆಯಲ್ಲಿ ತಮ್ಮ ಸ್ಥಾನ ಅಥವಾ ಸದ್ಯದ ಕನಿಷ್ಠ ದರ ಕಾಣುತ್ತದೆ, ಎದುರಾಳಿಯ ಹೆಸರು ಕಾಣುವುದಿಲ್ಲ. ಕೊನೆಯ ನಿಮಿಷಗಳಲ್ಲಿ ಹೊಸ ಬಿಡ್ ಬಂದರೆ ಸಮಯ ತಾನಾಗಿ ಮುಂದಕ್ಕೆ ಹೋಗುತ್ತದೆ. ಇದಕ್ಕೆ ರಿವರ್ಸ್ ಆಕ್ಷನ್ ಎನ್ನುತ್ತಾರೆ.

ಹೊಸೂರಿನಲ್ಲಿ ದೊಡ್ಡ ವಾಹನ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವವರಿಗೆ, ಸೊಲ್ಲಾಪುರದಲ್ಲಿ ಟವೆಲ್ ನೇಯುವವರಿಗೆ ಇದು ದೂರದ ಸಂಗತಿಯಲ್ಲ. ಸರ್ಕಾರಿ ಖರೀದಿಗಾಗಿ 2016ರಲ್ಲಿ ಶುರುವಾದ ಜೆಮ್ ಪೋರ್ಟಲ್‌ನಲ್ಲೂ ಬಿಡ್ ಆದ ಮೇಲೆ ರಿವರ್ಸ್ ಆಕ್ಷನ್‌ಗೆ ಹೋಗುವ ದಾರಿ ಇದೆ. ಆದರೂ ಎಷ್ಟೋ ಕಂಪನಿಗಳು ಒಂದೆರಡು ಸಲ ಮಾಡಿ ಕೈಬಿಡುತ್ತವೆ, ಇಲ್ಲವೇ ಕೆಲವೇ ವಸ್ತುಗಳಿಗೆ ಸೀಮಿತಗೊಳಿಸುತ್ತವೆ. ಯಾಕೆ ಎಂಬುದು ಮಾರುವವರಿಗೂ ತಿಳಿದಿರಬೇಕು.

ಈ ಪದ್ಧತಿಯ ಮೊದಲ ದೊಡ್ಡ ಪ್ರಯೋಗ ಅಮೆರಿಕದ್ದು. ಜನರಲ್ ಎಲೆಕ್ಟ್ರಿಕ್‌ನಲ್ಲಿ ಕೆಲಸ ಮಾಡಿದ್ದ ಗ್ಲೆನ್ ಮೀಕೆಮ್ 1995ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಫ್ರೀಮಾರ್ಕೆಟ್ಸ್ ಕಂಪನಿ ಕಟ್ಟಿದರು. 2000ದಲ್ಲಿ ಫೋರ್ಡ್, ಜನರಲ್ ಮೋಟರ್ಸ್, ಡೈಮ್ಲರ್‌ಕ್ರೈಸ್ಲರ್ ಸೇರಿ ಕೋವಿಸಿಂಟ್ ಎಂಬ ಜಂಟಿ ಖರೀದಿ ವೇದಿಕೆಯನ್ನು ಘೋಷಿಸಿದವು. ಖರೀದಿದಾರರೆಲ್ಲ ಒಂದಾಗಿ ನಮ್ಮ ದರ ಹಿಂಡುತ್ತಾರೆ ಎಂದು ಬಿಡಿಭಾಗ ತಯಾರಕರು ಹಿಂಜರಿದರು. ಸ್ಪರ್ಧೆಗೆ ಧಕ್ಕೆಯೇ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೂಡ ಪರಿಶೀಲಿಸಿತು. ಕೊನೆಗೆ ಅದರ ಹರಾಜು ವಿಭಾಗ ಫ್ರೀಮಾರ್ಕೆಟ್ಸ್ ಪಾಲಾಯಿತು, ಉಳಿದದ್ದು 2004ರಲ್ಲಿ ಕಂಪ್ಯೂವೇರ್ ಕೈಸೇರಿತು. ಅದೇ ವರ್ಷ ಫ್ರೀಮಾರ್ಕೆಟ್ಸನ್ನೂ ಅರಿಬಾ ಕೊಂಡಿತು. ವಾಹನ ಉದ್ಯಮದ ಮೂವರು ದೈತ್ಯರು ಜೊತೆಗಿದ್ದರೂ ಸಾಲದಾಯಿತು ಎಂಬುದು ಗಮನಿಸಬೇಕಾದ ಮಾತು.

ನಮ್ಮ ಅಭಿಪ್ರಾಯದಲ್ಲಿ ದೊಡ್ಡ ತೊಡಕು ಸಾಫ್ಟ್‌ವೇರ್‌ನದ್ದಲ್ಲ. ತನಗೆ ಏನು ಬೇಕು ಎಂಬುದನ್ನು ಪೂರ್ತಿಯಾಗಿ ಬರೆದಿಡಲು ಕೊಳ್ಳುವ ಕಂಪನಿಗೇ ಆಗುವುದಿಲ್ಲ. ಟವೆಲನ್ನೇ ತೆಗೆದುಕೊಳ್ಳಿ. ಅಳತೆ, ಚದರ ಮೀಟರಿಗೆ ಎಷ್ಟು ಗ್ರಾಂ ತೂಕ, ಬಣ್ಣ, ಇಷ್ಟು ಬರೆದು ಹೋಟೆಲೊಂದು ಹರಾಜು ಕರೆಯುತ್ತದೆ. ಒಗೆದ ಮೇಲೆ ಎಷ್ಟು ಕುಗ್ಗಬಹುದು, ಎಷ್ಟು ಒಗೆತಕ್ಕೆ ಬಣ್ಣ ನಿಲ್ಲಬೇಕು, ನೂಲು ಯಾವ ನಂಬರಿನದು, ಅಂಚಿನ ಹೊಲಿಗೆ ಹೇಗಿರಬೇಕು ಎಂಬುದು ಬಿಟ್ಟುಹೋಗಿರುತ್ತದೆ. ಹಳೆಯ ನೇಕಾರನಿಗೆ ಅದೆಲ್ಲ ಬಾಯಿಮಾತಿನಲ್ಲೇ ಗೊತ್ತು, ಅವನ ದರದಲ್ಲಿ ಅದು ಸೇರಿರುತ್ತದೆ. ಹೊಸಬನು ಕಾಗದದಲ್ಲಿದ್ದಷ್ಟಕ್ಕೆ ದರ ಹಾಕುತ್ತಾನೆ. ಅವನು ಮೋಸಗಾರನಲ್ಲ, ಕೇಳಿದ್ದನ್ನು ಕೊಟ್ಟಿದ್ದಾನೆ. ಆದರೆ ಹಳಬ ಸೋತ, ಹೋಟೆಲಿಗೆ ಟವೆಲ್ ಸರಿಹೋಗಲಿಲ್ಲ, ಮುಂದಿನ ವರ್ಷ ಹರಾಜೇ ಬೇಡ ಎನ್ನುವ ತೀರ್ಮಾನ.

ಸೌರ ವಿದ್ಯುತ್ತಿನಲ್ಲಿ ಇದೇ ಪದ್ಧತಿ ಗೆದ್ದದ್ದಕ್ಕೆ ಕಾರಣವೂ ಇಲ್ಲೇ ಇದೆ. 2017ರ ಮೇನಲ್ಲಿ ರಾಜಸ್ಥಾನದ ಭಡ್ಲಾ ಸೋಲಾರ್ ಪಾರ್ಕಿನ ಹರಾಜಿನಲ್ಲಿ ದರ ಯೂನಿಟ್‌ಗೆ 2.44 ರೂಪಾಯಿಗೆ ಇಳಿಯಿತು. ಯಾರು ಕೊಟ್ಟರೂ ಒಂದು ಯೂನಿಟ್ ಒಂದು ಯೂನಿಟ್ಟೇ. ಟವೆಲ್ ಹಾಗಲ್ಲ, ಎರಕದ ಬಿಡಿಭಾಗವಂತೂ ಅಲ್ಲವೇ ಅಲ್ಲ.

ಎರಡನೆಯ ತೊಡಕು, ಬದಲಾಯಿಸುವ ಖರ್ಚು. ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ: ಹಳಬರು 100 ರೂಪಾಯಿಗೆ ಕೊಡುತ್ತಿದ್ದ ಪ್ರೆಸ್ ಬಿಡಿಭಾಗ ಹರಾಜಿನಲ್ಲಿ 91ಕ್ಕೆ ಬಂತು. ವರ್ಷಕ್ಕೆ 10,000 ಬೇಕು, ಅಂದರೆ ಉಳಿತಾಯ 90,000. ಹೊಸಬರಿಗೆ ಹೊಸ ಡೈ 60,000, ಸ್ಯಾಂಪಲ್ ಮತ್ತು ಪರೀಕ್ಷೆ 15,000, ಮೊದಲ ತಿಂಗಳುಗಳ ರಿಜೆಕ್ಷನ್ ಆರಿಸುವುದು, ವಾಪಸ್ ಕಳಿಸುವುದು 20,000. ಕೂಡಿದರೆ 95,000. ಹರಾಜಿನ ದಿನದ ವರದಿಯಲ್ಲಿ ಮಾತ್ರ ಒಂಬತ್ತು ಶೇಕಡಾ ಲಾಭ. ಎರಡನೇ ವರ್ಷಕ್ಕೆ ಡೈ ಖರ್ಚು ಇರುವುದಿಲ್ಲ ನಿಜ, ಆದರೆ ಆ ವರ್ಷ ಮತ್ತೆ ಹರಾಜು ಮಾಡಿ ಮೂರನೆಯವರಿಗೆ ಕೊಡುವ ಕಂಪನಿಗಳೂ ಇರುತ್ತವೆ. ಇನ್ನು ಆ ಭಾಗ ಮಾಡಬಲ್ಲವರು ಇಬ್ಬರೇ ಇದ್ದರೆ ಹರಾಜಿಗೆ ಅರ್ಥವೇ ಇಲ್ಲ.

ಯಾವುದನ್ನು ಹರಾಜಿಗೆ ಇಡಬೇಕು ಎಂಬ ವಿವೇಕ ಹೊಸದೇನಲ್ಲ. 1983ರಲ್ಲೇ ಪೀಟರ್ ಕ್ರಾಲ್ಜಿಕ್ ಖರೀದಿಯ ವಸ್ತುಗಳನ್ನು ಲಾಭದ ಮೇಲಿನ ಪರಿಣಾಮ, ಪೂರೈಕೆ ತಪ್ಪುವ ಅಪಾಯ ಎಂಬ ಎರಡು ಅಳತೆಗಳಲ್ಲಿ ವಿಂಗಡಿಸಿ ತೋರಿಸಿದ್ದರು. ಪೂರೈಕೆದಾರರು ಬೇಕಾದಷ್ಟಿರುವ, ಗುಣಮಟ್ಟ ಬರೆದಿಡಬಹುದಾದ ವಸ್ತುವಿಗೆ ಹರಾಜು ಸರಿ: ರಟ್ಟಿನ ಪೆಟ್ಟಿಗೆ, ನಟ್ಟು ಬೋಲ್ಟು, ಕಚೇರಿ ಕಾಗದ. ವರ್ಷಗಟ್ಟಲೆ ಜೊತೆಗೂಡಿ ರೂಪಿಸಿದ ಭಾಗಕ್ಕೆ ಸಲ್ಲದು.

ಕಂಪನಿಯ ಒಳಗೂ ಎಳೆದಾಟ ಇರುತ್ತದೆ. ಪರ್ಚೇಸ್ ವಿಭಾಗಕ್ಕೆ ಉಳಿತಾಯ ತೋರಿಸುವ ಒತ್ತಡ, ಪ್ರೊಡಕ್ಷನ್ ಮತ್ತು ಕ್ವಾಲಿಟಿಯವರಿಗೆ ಲೈನ್ ನಿಲ್ಲದಂತೆ ನೋಡಿಕೊಳ್ಳುವ ಚಿಂತೆ. ಇಪ್ಪತ್ತು ವರ್ಷದಿಂದ ಚೌಕಾಸಿ ಮಾಡಿಕೊಂಡು ಬಂದ ಖರೀದಿ ಅಧಿಕಾರಿಗೆ, ಪರದೆಯೇ ದರ ಇಳಿಸಿದರೆ ತನಗೇನು ಕೆಲಸ ಎಂಬ ಅಳುಕು. ಇದನ್ನು ಯಾರೂ ಮೀಟಿಂಗ್‌ನಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ.

ಮಾರುವವರ ಅಪನಂಬಿಕೆ ಇನ್ನೂ ಗಟ್ಟಿ. ಎದುರಿಗೆ ಕಾಣುವ ಕಡಿಮೆ ಬಿಡ್ ನಿಜವಾದ ಸ್ಪರ್ಧಿಯದೋ, ಕಂಪನಿಯವರೇ ಹಾಕಿಸಿದ್ದೋ? ಕೊನೆಗೆ ಹಳಬರಿಗೇ ಆರ್ಡರ್ ಕೊಡುವುದಾದರೆ ನಮ್ಮನ್ನು ಕರೆದದ್ದು ಅವರ ದರ ಇಳಿಸಲೋ? ಹರಾಜು ಮುಗಿದ ಮೇಲೆ ಗೆದ್ದವರನ್ನು ಫೋನಿನಲ್ಲಿ ಕರೆದು ಇನ್ನೂ ಎರಡು ಶೇಕಡಾ ಬಿಡಿ ಎನ್ನುವ ಕಂಪನಿಗೆ ಮುಂದಿನ ಹರಾಜಿನಲ್ಲಿ ಒಳ್ಳೆಯ ಪೂರೈಕೆದಾರರು ಬರುವುದು ಅನುಮಾನ. ಉಳಿಯುವವರು ಕೆಲಸವಿಲ್ಲದೆ ಕೂತ ಘಟಕಗಳು. ಅವರ ದರ ಕಡಿಮೆ, ಅಪಾಯ ಹೆಚ್ಚು.

ಭಾಗವಹಿಸುವ ನಮ್ಮ ಸದಸ್ಯರು ಲಾಗಿನ್ ಆಗುವ ಮೊದಲೇ ತಮ್ಮ ಕನಿಷ್ಠ ದರವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಗಡಿಯಾರ ಓಡುವಾಗ ಲೆಕ್ಕ ಹಾಕಿದರೆ ಕೂಲಿಯನ್ನೋ ಕರೆಂಟ್ ಬಿಲ್ಲನ್ನೋ ಮರೆಯುವುದು ಸಹಜ. ಕೇವಲ ಕನಿಷ್ಠ ದರಕ್ಕೇ ಆರ್ಡರೋ, ಉಕ್ಕಿನ ಅಥವಾ ನೂಲಿನ ದರ ಏರಿದರೆ ಹೊಂದಾಣಿಕೆ ಇದೆಯೋ, ಡೈ ಯಾರದು, ಸಾಗಣೆ ಯಾರದು ಎಂಬುದನ್ನು ಹರಾಜಿಗೆ ಮುಂಚೆ ಇಮೇಲ್‌ನಲ್ಲಿ ಕೇಳಿ ಉತ್ತರ ಪಡೆಯಿರಿ. ಹಣ ಬರುವ ದಿನವನ್ನೂ ಕೇಳಿ. ಉದ್ಯಮ್ ನೋಂದಣಿ ಇರುವ ಅತಿಸಣ್ಣ, ಸಣ್ಣ ಘಟಕಗಳಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕು. ಕೇಂದ್ರ ಸರ್ಕಾರಿ ಇಲಾಖೆ, ಸಾರ್ವಜನಿಕ ಉದ್ದಿಮೆಗಳ ಟೆಂಡರಿನಲ್ಲಿ ಇನ್ನೊಂದು ಅನುಕೂಲವೂ ಇದೆ: ಕನಿಷ್ಠ ದರ ಬೇರೆಯವರದ್ದಾಗಿ, ನಿಮ್ಮ ದರ ಅದಕ್ಕಿಂತ ಶೇ. 15ರ ಒಳಗೆ ಹೆಚ್ಚಿದ್ದರೆ, ಆ ಕನಿಷ್ಠ ದರಕ್ಕೆ ಒಪ್ಪಿಕೊಂಡು ಆರ್ಡರಿನ ಒಂದು ಪಾಲನ್ನು ಪಡೆಯಬಹುದು. ಖಾಸಗಿ ಕಂಪನಿಗಳ ಹರಾಜಿಗೆ ಈ ಎರಡನೆಯ ಅನುಕೂಲ ಅನ್ವಯಿಸುವುದಿಲ್ಲ.