ಲ್ಯಾಪ್‌ಟಾಪ್‌ನ ವಿಶೇಷ ಕೀಲಿಗಳು: ಪರದೆಯ ಮೇಲೆ ಸೂಚನೆ ಬರುವಂತೆ ಮಾಡುವುದು ಹೇಗೆ?

ಪಾಸ್‌ವರ್ಡ್ ಸರಿಯಾಗಿಯೇ ಹೊಡೆದಿದ್ದೀರಿ, ಆದರೂ ಬ್ಯಾಂಕಿನ ಜಾಲತಾಣ ಒಪ್ಪುತ್ತಿಲ್ಲ. ನಾಲ್ಕಾರು ಸಲ ಪ್ರಯತ್ನಿಸಿದ ಮೇಲೆ ಖಾತೆಯೇ ಲಾಕ್! ನೋಡಿದರೆ ಕ್ಯಾಪ್ಸ್ ಲಾಕ್ ಆನ್ ಆಗಿತ್ತು. ಹಳೆಯ ಕೀಲಿಮಣೆಗಳಲ್ಲಿ ಇದಕ್ಕೆಂದೇ ಪುಟ್ಟ ದೀಪವಿರುತ್ತಿತ್ತು. ಈಗಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದಿಲ್ಲ. ಅದರ ಬದಲು ಪರದೆಯ ಮೇಲೆ ಕ್ಷಣಕಾಲ ಮೂಡಿ ಮರೆಯಾಗುವ ಸೂಚನೆಯನ್ನೇ ನಂಬಬೇಕು.

ಎರಡು ಮೂರು ಭಾಷೆಗಳಲ್ಲಿ ಟೈಪ್ ಮಾಡುವ ಗಡಿನಾಡಿನವರಿಗೆ ಇದು ಇನ್ನೂ ಮುಖ್ಯ. ಬರಹದಂತಹ ತಂತ್ರಾಂಶದಲ್ಲಿ ಇಂಗ್ಲಿಷಿನ ಸಣ್ಣ 'ಕೆ' ಒತ್ತಿದರೆ 'ಕ', ದೊಡ್ಡ 'ಕೆ' ಒತ್ತಿದರೆ 'ಖ'. ಕ್ಯಾಪ್ಸ್ ಲಾಕ್ ಆನ್ ಆಗಿದ್ದರೆ ಅರ್ಜಿಯಲ್ಲಿ ನಿಮ್ಮ ಹೆಸರೇ ಬದಲಾದೀತು.

ಸೂಚನೆ ಎಲ್ಲಿಂದ ಬರುತ್ತದೆ?

ಕೀಲಿಯ ಕೆಲಸ ಬೇರೆ, ಸೂಚನೆ ತೋರಿಸುವ ಕೆಲಸ ಬೇರೆ. ಎಫ್ಎನ್ ಜೊತೆ ಒತ್ತುವ ಕೀಲಿಗಳ ಸಂಕೇತ ಮೊದಲು ಲ್ಯಾಪ್‌ಟಾಪ್‌ನೊಳಗಿನ ಒಂದು ಪುಟ್ಟ ಚಿಪ್‌ಗೆ ಹೋಗಿ, ಅಲ್ಲಿಂದ ಕಾರ್ಯಾಚರಣ ವ್ಯವಸ್ಥೆಗೆ ತಲುಪುತ್ತದೆ. ಅದನ್ನು ಗುರುತಿಸಿ ಪರದೆಯಲ್ಲಿ ಚಿತ್ರ ಮೂಡಿಸುವುದು ಇನ್ನೊಂದು ತಂತ್ರಾಂಶ. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ ಹೊಸದಾಗಿ ಹಾಕಿಸಿದಾಗ ಎಷ್ಟೋ ಸಲ ಈ ತಂತ್ರಾಂಶ ಬಿಟ್ಟುಹೋಗುತ್ತದೆ. ಆಗ ಕೀಲಿ ಕೆಲಸ ಮಾಡುತ್ತದೆ, ಸೂಚನೆ ಮಾತ್ರ ಬರುವುದಿಲ್ಲ. ಕೀಲಿಮಣೆ ಕೆಟ್ಟಿದೆ ಎಂದು ಹಣ ಕೊಟ್ಟು ಬದಲಾಯಿಸಬೇಡಿ.

ವಿಂಡೋಸ್‌ನಲ್ಲಿ

1. ಧ್ವನಿ ಮತ್ತು ಬೆಳಕಿನ ಸೂಚನೆಯನ್ನು ವಿಂಡೋಸ್ 10 ಮತ್ತು 11 ತಾವೇ ತೋರಿಸುತ್ತವೆ.

2. ಕ್ಯಾಪ್ಸ್ ಲಾಕ್, ನಮ್ ಲಾಕ್ ಸೂಚನೆಗೆ ಸಾಮಾನ್ಯವಾಗಿ ತಯಾರಕರ ಹಾಟ್‌ಕೀ ತಂತ್ರಾಂಶ ಬೇಕು. ಲ್ಯಾಪ್‌ಟಾಪ್‌ನ ತಳಭಾಗದಲ್ಲಿರುವ ಮಾಡೆಲ್ ಸಂಖ್ಯೆ ಬರೆದುಕೊಂಡು, ತಯಾರಕರ ಜಾಲತಾಣದ ಸಪೋರ್ಟ್ ಪುಟದಿಂದಲೇ ಇಳಿಸಿಕೊಳ್ಳಿ. ಲೆನೊವೊದಲ್ಲಿ ಇದರ ಹೆಸರು ಲೆನೊವೊ ಹಾಟ್‌ಕೀಸ್, ಎಚ್‌ಪಿಯಲ್ಲಿ ಹಾಟ್‌ಕೀ ಸಪೋರ್ಟ್. ಹಾಕಿದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ.

3. ನಿಮ್ಮ ಮಾಡೆಲ್‌ಗೆ ಅದು ಸಿಗದಿದ್ದರೆ ಸದ್ದಿನ ಸೂಚನೆ ಇದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್ ಎಂದು ಹೋಗಿ ಟಾಗಲ್ ಕೀಸ್ ಆನ್ ಮಾಡಿ. ವಿಂಡೋಸ್ 10ರಲ್ಲಿ ಆಕ್ಸೆಸಿಬಿಲಿಟಿಯ ಜಾಗದಲ್ಲಿ ಈಸ್ ಆಫ್ ಆಕ್ಸೆಸ್ ಇರುತ್ತದೆ. ಆಮೇಲೆ ಕ್ಯಾಪ್ಸ್ ಲಾಕ್ ಒತ್ತಿದಾಗಲೆಲ್ಲ ಬೀಪ್ ಕೇಳಿಸುತ್ತದೆ.

4. ಈಗ ಯಾವ ಭಾಷೆಯಲ್ಲಿದ್ದೇವೆ ಎಂದು ತಿಳಿಯಲು ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿ. ನೀವು ಸೇರಿಸಿಕೊಂಡಿರುವ ಕನ್ನಡ, ಮರಾಠಿ, ಮಲಯಾಳಂ ಮೊದಲಾದ ಕೀಲಿಮಣೆಗಳ ಪಟ್ಟಿ ಪರದೆಯಲ್ಲಿ ಮೂಡುತ್ತದೆ.

ಲಿನಕ್ಸ್‌ನಲ್ಲಿ

ಕಾಸರಗೋಡು ಸೇರಿದಂತೆ ಕೇರಳದ ಶಾಲೆಗಳಲ್ಲಿ ಬಳಸುವ ಕೈಟ್ ಗ್ನೂ/ಲಿನಕ್ಸ್, ಉಬುಂಟು ಆಧಾರಿತ. ಉಬುಂಟುವಿನ ಗ್ನೋಮ್ ಪರದೆಯಲ್ಲಿ ಧ್ವನಿ, ಬೆಳಕಿನ ಸೂಚನೆ ಮೊದಲೇ ಇದೆ. ಕ್ಯಾಪ್ಸ್ ಲಾಕ್ ಮತ್ತು ನಮ್ ಲಾಕ್‌ಗೆ 'ಲಾಕ್ ಕೀಸ್' ಎಂಬ ಗ್ನೋಮ್ ಎಕ್ಸ್‌ಟೆನ್ಶನ್ ಉಚಿತವಾಗಿ ಸಿಗುತ್ತದೆ. ಹಳೆಯ ಲ್ಯಾಪ್‌ಟಾಪ್‌ಗೆ ಹಗುರವಾದ ಎಕ್ಸ್‌ಎಫ್‌ಸಿಇ ಬಳಸುವವರು ಪಟ್ಟಿಯಲ್ಲಿರುವ ಧ್ವನಿ ಚಿಹ್ನೆಯ ಪ್ರಾಪರ್ಟೀಸ್ ತೆರೆದು, ಧ್ವನಿ ಬದಲಾದಾಗ ಸೂಚನೆ ತೋರಿಸುವ ಆಯ್ಕೆಗೆ ಗುರುತು ಹಾಕಬೇಕು.

ಇಷ್ಟಾದರೂ ಬರದಿದ್ದರೆ

ಎಫ್ಎನ್ ಲಾಕ್ ನೋಡಿ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಜೊತೆ ಎಸ್ಕೇಪ್ ಒತ್ತಿದರೆ ಮೇಲಿನ ಸಾಲಿನ ಕೀಲಿಗಳ ಅರ್ಥ ಬದಲಾಗುತ್ತದೆ. ಇಂಟರ್‌ನೆಟ್ ತಟ್ಟನೆ ನಿಂತರೆ ವಿಮಾನದ ಚಿತ್ರವಿರುವ ಕೀಲಿಗೆ ಕೈ ತಾಗಿರಬಹುದು. ಅಕ್ಷರದ ಬದಲು ಅಂಕಿ ಬರುತ್ತಿದ್ದರೆ ಅದು ನಮ್ ಲಾಕ್ ಕಾಟ.

ಅರ್ಜಿಯ ಕೊನೆಯ ದಿನದವರೆಗೆ ಕಾಯದೆ ಇಂದೇ ಇದನ್ನು ಸರಿಪಡಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ.