ದೊರೆಯ ಕುರ್ಚಿ, ಅಜ್ಜಿಯ ಕುರ್ಚಿ

ಬಚ್ಚಲುಮನೆಯಲ್ಲಿ ಕಾಲು ಜಾರಿ ಬಿದ್ದ ಅಜ್ಜಿಗೆ ಸೊಂಟದ ಮೂಳೆ ಮುರಿದಿದೆ. ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಕಳುಹಿಸುವ ದಿನ ವೈದ್ಯರು, 'ಒಂದು ವೀಲ್‌ಚೇರ್ ತಂದಿಟ್ಟುಕೊಳ್ಳಿ' ಎನ್ನುತ್ತಾರೆ. ಮಗ ಆಸ್ಪತ್ರೆಯ ಎದುರಿನ ಸರ್ಜಿಕಲ್ ಅಂಗಡಿಗೆ ಹೋಗುತ್ತಾನೆ. ಅಂಗಡಿಯವನು ಗೋಡೆಗೆ ಒರಗಿಸಿಟ್ಟ ಕುರ್ಚಿಯೊಂದನ್ನು ಬಿಡಿಸಿ ತೋರಿಸುತ್ತಾನೆ. ಬೆಲೆಯ ಮಾತಾಗುತ್ತದೆ. ಆಟೋದಲ್ಲಿ ಹಿಡಿಸುತ್ತದೆಯೇ ಎಂಬ ವಿಚಾರಣೆಯಾಗುತ್ತದೆ. ಅರ್ಧ ಗಂಟೆಯಲ್ಲಿ ವ್ಯಾಪಾರ ಮುಗಿಯುತ್ತದೆ. ಅಜ್ಜಿಯ ಅಳತೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಒಂದು ಜೊತೆ ಚಪ್ಪಲಿ ಕೊಳ್ಳುವಾಗಲೂ ಕಾಲಿಟ್ಟು ನೋಡುವ ಜನ, ದಿನವಿಡೀ ಕೂರಬೇಕಾದ ಕುರ್ಚಿಯನ್ನು ಕೂರುವವರನ್ನೇ ಬಿಟ್ಟು ಆರಿಸಿ ತರುತ್ತಾರೆ. ಇದಕ್ಕೆ ಅಸಡ್ಡೆ ಕಾರಣವಲ್ಲ. ಗಾಲಿಕುರ್ಚಿ ಎಂದರೆ ಇರುವುದೇ ಒಂದು ಬಗೆ, ಅದು ಯಾರಿಗಾದರೂ ಆಗುತ್ತದೆ ಎಂಬ ನಂಬಿಕೆ ಕಾರಣ. ಈ ನಂಬಿಕೆ ಬಂದದ್ದು ಎಲ್ಲಿಂದ? ಗಾಲಿಕುರ್ಚಿಯ ನಾಲ್ಕು ಶತಮಾನಗಳ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ. ಅಜ್ಜಿಗೆ ಸರಿಹೊಂದುವ ಕುರ್ಚಿ ಯಾವುದೆಂಬ ಸುಳಿವೂ ಅಲ್ಲಿಯೇ ಇದೆ.

ದೊರೆ ಮತ್ತು ಗಡಿಯಾರದವನು

ನಡೆಯಲಾರದವರನ್ನು ಹೊತ್ತು ಸಾಗಿಸುವ ರೂಢಿ ಎಲ್ಲ ನಾಡುಗಳಲ್ಲೂ ಹಳೆಯದು. ನಮ್ಮಲ್ಲಿ ಮೇನೆ, ಡೋಲಿಗಳಿದ್ದವು. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೆಟ್ಟಿಲು ಹತ್ತಲಾರದ ವೃದ್ಧರು ಇಂದಿಗೂ ಡೋಲಿಯಲ್ಲಿ ಕುಳಿತು ಗೊಮ್ಮಟನ ದರ್ಶನಕ್ಕೆ ಹೋಗುವುದುಂಟು. ಹೊರುವವರ ಹೆಗಲಿನ ಕೆಲಸವನ್ನು ಗಾಲಿಗೆ ಒಪ್ಪಿಸಿದ ಪ್ರಯತ್ನಗಳಲ್ಲಿ ಚಿತ್ರಸಹಿತ ದಾಖಲೆ ಇರುವ ಒಂದು ಕುರ್ಚಿ ಸ್ಪೇನಿನ ದೊರೆ ಎರಡನೇ ಫಿಲಿಪನದು.

ಯುರೋಪಿನಿಂದ ಅಮೆರಿಕದವರೆಗೆ ಹರಡಿದ್ದ ಸಾಮ್ರಾಜ್ಯದ ಒಡೆಯನಾಗಿದ್ದ ಫಿಲಿಪನಿಗೆ ಮುಪ್ಪಿನಲ್ಲಿ ಕೀಲುಗಳನ್ನು ಹಿಂಡುವ ಗೌಟ್ ರೋಗ ತೀವ್ರವಾಗಿತ್ತು. ಅವನ ಆಸ್ಥಾನದಲ್ಲಿದ್ದ ಜೆಹಾನ್ ಲೆರ್ಮಿಟ್ ಎಂಬ ಫ್ಲೆಮಿಶ್ ಗಣ್ಯ 1595ರ ಸುಮಾರಿಗೆ ದೊರೆಗಾಗಿ ಒಂದು ಕುರ್ಚಿಯನ್ನು ರೂಪಿಸಿದ. ಅದಕ್ಕೆ ಪುಟ್ಟ ಗಾಲಿಗಳಿದ್ದವು. ಬೆನ್ನೊರಗನ್ನು ಬೇಕಾದಷ್ಟು ಹಿಂದಕ್ಕೆ ಬಾಗಿಸಬಹುದಿತ್ತು. ನೋಯುವ ಕಾಲನ್ನು ಮೇಲೆತ್ತಿ ಇಡಲು ಹಲಗೆ ಇತ್ತು. ಕುಳಿತಲ್ಲೇ ಮಲಗಲೂಬಹುದಾಗಿತ್ತು. ಆದರೆ ಒಂದು ಸಂಗತಿ ಗಮನಿಸಬೇಕು. ಈ ಕುರ್ಚಿಯನ್ನು ದೊರೆ ತಾನಾಗಿ ಒಂದು ಅಡಿಯೂ ಸರಿಸುವಂತಿರಲಿಲ್ಲ. ದೂಡಲು ಆಳುಗಳು ಬೇಕಿತ್ತು. ಆಳುಗಳಿಗೆ ಅರಮನೆಯಲ್ಲಿ ಕೊರತೆ ಇರಲಿಲ್ಲ.

ಆಳುಗಳಿಲ್ಲದವರ ಪಾಡೇನು? ಇದಕ್ಕೆ ಅರವತ್ತು ವರ್ಷಗಳ ನಂತರ ಉತ್ತರ ಕೊಟ್ಟವನು ಜರ್ಮನಿಯ ನ್ಯೂರೆಂಬರ್ಗ್ ಬಳಿಯ ಆಲ್ಟ್‌ಡಾರ್ಫ್‌ನ ಗಡಿಯಾರ ತಯಾರಕ ಸ್ಟೀಫನ್ ಫಾರ್ಫ್ಲರ್. ಕಾಲುಗಳಲ್ಲಿ ಶಕ್ತಿ ಇಲ್ಲದಿದ್ದ ಈ ತರುಣ, 1655ರಲ್ಲಿ, ತನ್ನ 22ನೇ ವಯಸ್ಸಿನ ಸುಮಾರಿಗೆ, ಮೂರು ಗಾಲಿಯ ಬಂಡಿಯೊಂದನ್ನು ತನಗಾಗಿ ತಾನೇ ಕಟ್ಟಿಕೊಂಡ. ಎರಡೂ ಕೈಯಿಂದ ಹಿಡಿ ತಿರುಗಿಸಿದರೆ ಹಲ್ಲುಚಕ್ರಗಳ ಮೂಲಕ ಮುಂದಿನ ಗಾಲಿ ಉರುಳುತ್ತಿತ್ತು. ಗಡಿಯಾರದ ಒಳಗುಟ್ಟು ಬಲ್ಲವನಿಗೆ ಅದು ಕಷ್ಟವಾಗಲಿಲ್ಲ. ನಮ್ಮ ಊರುಗಳ ರಸ್ತೆಗಳಲ್ಲಿ ಕೈಯಿಂದ ಪೆಡಲ್ ತುಳಿಯುವಂತೆ ತಿರುಗಿಸಿಕೊಂಡು ಸಾಗುವ ಮೂರು ಗಾಲಿಯ ಸೈಕಲ್‌ಗಳ ತತ್ವವೂ ಇದೇ.

ದೂಡಿಸಿಕೊಳ್ಳುವ ಕುರ್ಚಿ, ತಾನೇ ನಡೆಸುವ ಕುರ್ಚಿ. ಮುಂದಿನ ಚರಿತ್ರೆಯೆಲ್ಲ ಈ ಎರಡು ಕವಲುಗಳಲ್ಲಿ ಹರಿಯಿತು. ಇಂಗ್ಲೆಂಡಿನ ಬಾತ್ ಪಟ್ಟಣ ಬಿಸಿನೀರಿನ ಚಿಲುಮೆಗಳಿಗೆ ಹೆಸರಾದದ್ದು. ಅಲ್ಲಿಗೆ ಬರುವ ರೋಗಿಗಳಿಗಾಗಿ 18ನೇ ಶತಮಾನದಲ್ಲಿ 'ಬಾತ್ ಚೇರ್' ಹುಟ್ಟಿತು. ಕುಳಿತವರು ಮುಂದಿನ ಗಾಲಿಯ ದಿಕ್ಕನ್ನಷ್ಟೇ ತಿರುಗಿಸಬಹುದಿತ್ತು. ಬಂಡಿ ಚಲಿಸಬೇಕಾದರೆ ಹಿಂದಿನಿಂದ ಒಬ್ಬರು ದೂಡಬೇಕಿತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ದೊಡ್ಡ ಗಾಲಿಯ ಹೊರಬದಿಗೆ, ಕೈಯಿಂದ ಹಿಡಿದು ಉರುಳಿಸಲು ಬಳೆಯಂಥ ಪಟ್ಟಿ ಸೇರಿತು. ಕೂತವರು ತಾವೇ ಚಲಿಸಲು ದಾರಿ ಮಾಡಿಕೊಟ್ಟದ್ದು ಈ ಬಳೆ.

ಒಬ್ಬನಿಗಾಗಿ ಮಾಡಿದ್ದು ಎಲ್ಲರದಾಯಿತು

20ನೇ ಶತಮಾನದ ಆರಂಭದ ಗಾಲಿಕುರ್ಚಿಗಳು ಮರ ಮತ್ತು ಬೆತ್ತದವು, ಭಾರವಾದವು. 1921ರಲ್ಲಿ ಪೋಲಿಯೊಗೆ ತುತ್ತಾದ ಫ್ರಾಂಕ್ಲಿನ್ ರೂಸ್‌ವೆಲ್ಟ್‌ಗೆ ಇವು ಹಿಡಿಸಲಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಅವರು ಮನೆಯಲ್ಲಿ ಬಳಸುವ ಕೈಗಳಿಲ್ಲದ ಸಾಮಾನ್ಯ ಕುರ್ಚಿಗೆ ಗಾಲಿ ಹಾಕಿಸಿಕೊಂಡರು. ಅದು ಕಿರಿದು, ಇಕ್ಕಟ್ಟಿನ ಬಾಗಿಲಲ್ಲೂ ನುಸುಳುತ್ತಿತ್ತು. ಕೈ ಅಡ್ಡವಿಲ್ಲದ ಕಾರಣ ಪಕ್ಕದ ಆಸನಕ್ಕೆ ಸರಿದುಕೊಳ್ಳುವುದೂ ಸಲೀಸು. ಮನೆಯನ್ನು ನೋಡಿ ಕುರ್ಚಿ ಆರಿಸಬೇಕು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಇಂದು ಅಂಗಡಿಯಲ್ಲಿ ಕಾಣುವ ಕುರ್ಚಿಯ ಮೂಲಪುರುಷ ಹುಟ್ಟಿದ್ದು 1930ರ ದಶಕದ ಮೊದಲ ಭಾಗದಲ್ಲಿ, ಲಾಸ್ ಏಂಜಲಿಸ್‌ನಲ್ಲಿ. ಗಣಿ ಎಂಜಿನಿಯರ್ ಹರ್ಬರ್ಟ್ ಎವರೆಸ್ಟ್ ಗಣಿ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದರು. ಕಾರಿನಲ್ಲಿ ಒಯ್ಯಬಹುದಾದ ಕುರ್ಚಿ ಅವರಿಗೆ ಬೇಕಿತ್ತು. ಗೆಳೆಯ, ಮೆಕ್ಯಾನಿಕಲ್ ಎಂಜಿನಿಯರ್ ಹ್ಯಾರಿ ಜೆನ್ನಿಂಗ್ಸ್, ಉಕ್ಕಿನ ಕೊಳವೆಗಳನ್ನು ಕತ್ತರಿಯಾಕಾರದಲ್ಲಿ ಜೋಡಿಸಿ ಮಡಚುವ ಕುರ್ಚಿ ಮಾಡಿಕೊಟ್ಟರು. ಇಬ್ಬರೂ ಸೇರಿ ಕಂಪನಿ ತೆರೆದರು. 1937ರಲ್ಲಿ ಈ ವಿನ್ಯಾಸಕ್ಕೆ ಪೇಟೆಂಟ್ ಸಿಕ್ಕಿತು.

ಮಡಚುವ ಕುರ್ಚಿಗೆ ಗಟ್ಟಿಯಾದ ಹಲಗೆ ಇರುವಂತಿಲ್ಲ. ಬಟ್ಟೆ ಅಥವಾ ರೆಕ್ಸಿನ್ ಬಿಗಿದಿರಬೇಕು. ಎವರೆಸ್ಟ್ ಅವರಂಥ ಓಡಾಡುವ ಮನುಷ್ಯನಿಗೆ ಇದು ತೊಡಕೆನಿಸಲಿಲ್ಲ. ಆದರೆ ಎರಡನೇ ಮಹಾಯುದ್ಧದ ನಂತರ ಆಸ್ಪತ್ರೆಗಳು ಇದೇ ಬಗೆಯ ಕುರ್ಚಿಗಳನ್ನು ಸಗಟಾಗಿ ಕೊಂಡವು. ವಾರ್ಡಿನಿಂದ ಎಕ್ಸ್‌ರೇ ಕೋಣೆಗೆ, ಅಲ್ಲಿಂದ ಮತ್ತೆ ವಾರ್ಡಿಗೆ ಸಾಗಿಸಲು, ಯಾವ ಮೈಕಟ್ಟಿನ ರೋಗಿಯಾದರೂ ಹಿಡಿಸಬೇಕೆಂದು ಅಗಲವಾಗಿ ಮಾಡಿದ ಕುರ್ಚಿ ಅದು. ಹತ್ತು ನಿಮಿಷದ ಪ್ರಯಾಣಕ್ಕೆ ಅದು ಸಾಕು. ಅದೇ ಕುರ್ಚಿ ಆಸ್ಪತ್ರೆಯ ಬಾಗಿಲು ದಾಟಿ ಮನೆಗೆ ಬಂದಾಗ, ದಿನವಿಡೀ ಅದರಲ್ಲೇ ಕೂರುವವರ ತೊಂದರೆ ಶುರುವಾಯಿತು. ಒಬ್ಬ ಗೆಳೆಯನಿಗೆಂದು ಅಳೆದು ಮಾಡಿದ ವಸ್ತು, ಯಾರ ಅಳತೆಯದೂ ಅಲ್ಲದ ವಸ್ತುವಾದ ಕಥೆ ಇದು.

ಹುಣ್ಣಿನ ಪಾಠ

ಜೋಲುಬಿದ್ದ ಆಸನದಲ್ಲಿ ಗಂಟೆಗಟ್ಟಲೆ ಕುಳಿತರೆ ಏನಾಗುತ್ತದೆ? ಮೈಭಾರವೆಲ್ಲ ಪೃಷ್ಠದ ಮೂಳೆಗಳ ಮೇಲೆ ಬೀಳುತ್ತದೆ. ಅಲ್ಲಿ ರಕ್ತಸಂಚಾರ ತಗ್ಗಿ ಚರ್ಮ ಸಾಯತೊಡಗುತ್ತದೆ. ಎಲ್ಲರೂ 'ಬೆಡ್‌ಸೋರ್' ಎನ್ನುವ ಹುಣ್ಣು ಹಾಸಿಗೆಯಲ್ಲಿ ಮಾತ್ರವಲ್ಲ, ಕುರ್ಚಿಯಲ್ಲೂ ಆಗುತ್ತದೆ. ವಯಸ್ಸಾದವರ ತೆಳು ಚರ್ಮಕ್ಕೆ ಅಪಾಯ ಇನ್ನೂ ಹೆಚ್ಚು.

ಒಂದು ಕಾಲಕ್ಕೆ ಬೆನ್ನುಹುರಿಗೆ ಪೆಟ್ಟಾದವರನ್ನು ಬೇಗನೆ ಬಲಿ ತೆಗೆದುಕೊಳ್ಳುತ್ತಿದ್ದುದು ಈ ಹುಣ್ಣು ಮತ್ತು ಮೂತ್ರದ ಸೋಂಕು. ನಾಜಿ ಜರ್ಮನಿಯಿಂದ ಇಂಗ್ಲೆಂಡಿಗೆ ವಲಸೆ ಬಂದ ಡಾ. ಲುಡ್ವಿಗ್ ಗುಟ್‌ಮನ್ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇಂಥವರ ಘಟಕ ತೆರೆದಾಗ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ರೋಗಿಗಳನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು. ಸಾವಿಗಾಗಿ ಕಾಯುತ್ತಿದ್ದವರು ಎದ್ದು ಕುಳಿತರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆ ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೀಜ ಅದು.

ಕುರ್ಚಿ ಬದಲಾಗಲು ಮತ್ತೆ ಒಬ್ಬರ ಕಷ್ಟವೇ ಕಾರಣವಾಗಬೇಕಾಯಿತು. 1978ರಲ್ಲಿ ಹ್ಯಾಂಗ್ ಗ್ಲೈಡರ್ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡ ಕ್ಯಾಲಿಫೋರ್ನಿಯದ ಮರಿಲಿನ್ ಹ್ಯಾಮಿಲ್ಟನ್, ಗ್ಲೈಡರ್ ತಯಾರಿಸುವ ಇಬ್ಬರು ಗೆಳೆಯರಿಂದ ಅಲ್ಯೂಮಿನಿಯಂ ಕೊಳವೆಯ ಕುರ್ಚಿ ಮಾಡಿಸಿಕೊಂಡರು. ಅದರ ತೂಕ ಸುಮಾರು 12 ಕಿಲೋ. ಹಗುರವಾದ, ಅಳತೆಗೆ ತಕ್ಕಂತೆ ಹೊಂದಿಸಬಹುದಾದ ಕುರ್ಚಿಗಳ ಕಾಲ ಅಲ್ಲಿಂದ ಆರಂಭವಾಯಿತು.

ಭಾರತದಲ್ಲಿ 1972ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಅಲಿಮ್ಕೊ ಇಂಥ ಸಾಧನಗಳನ್ನು ತಯಾರಿಸುತ್ತ ಬಂದಿದೆ. ಬಡ ಹಿರಿಯ ನಾಗರಿಕರಿಗೆ ಗಾಲಿಕುರ್ಚಿ, ಊರುಗೋಲು, ಶ್ರವಣ ಸಾಧನಗಳನ್ನು ಉಚಿತವಾಗಿ ನೀಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಜಾರಿಗೆ ಬಂತು. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಸಂಸ್ಥೆ ಸಾಧನಗಳನ್ನು ಕೊಡುವುದರ ಜೊತೆಗೆ ಅವನ್ನು ವ್ಯಕ್ತಿಗೆ ಹೊಂದಿಸುವವರಿಗೆ ತರಬೇತಿಯನ್ನೂ ನೀಡುತ್ತ ಬಂದಿದೆ. ಹಂಚುವುದು ಒಂದು ಕೆಲಸ, ಹೊಂದಿಸುವುದು ಇನ್ನೊಂದು ಕೆಲಸ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಮಾರ್ಗಸೂಚಿಯ ಸಾರವೂ ಇದೇ. ಕುರ್ಚಿ ಕೂರುವವರ ಅಗತ್ಯಕ್ಕೆ, ಅವರ ಪರಿಸರಕ್ಕೆ, ಮೈ ಅಳತೆಗೆ ಒಪ್ಪಬೇಕು, ಬಾಳಿಕೆ ಬರಬೇಕು, ಅವರಿರುವಲ್ಲೇ ಕಡಿಮೆ ಖರ್ಚಿನಲ್ಲಿ ರಿಪೇರಿ ಆಗಬೇಕು ಎಂದು ಅದು ಹೇಳುತ್ತದೆ.

ಟೇಪು ಹಿಡಿದು ಹೊರಡಿ

ಹಾಗಾದರೆ ಅಜ್ಜಿಯ ಕುರ್ಚಿ ಯಾವುದು? ಮೊದಲು ಕೇಳಬೇಕಾದ್ದು, ಕುರ್ಚಿ ಎಷ್ಟು ದಿನಕ್ಕೆ ಬೇಕು ಎಂದು. ಸೊಂಟದ ಮೂಳೆ ಕೂಡಿಕೊಂಡ ಬಳಿಕ ವಾಕರ್ ಹಿಡಿದು ನಡೆಯಬಲ್ಲವರು ಅನೇಕರು. ಕೆಲವು ವಾರಗಳ ಮಾತಾದರೆ ಬಾಡಿಗೆಯ ಕುರ್ಚಿ ಸಾಕು. ನಡೆಯಬಲ್ಲವರನ್ನು ಅನುಕೂಲಕ್ಕೆಂದು ಕುರ್ಚಿಯಲ್ಲೇ ಕೂರಿಸಿದರೆ ಇದ್ದ ಶಕ್ತಿಯೂ ಹೋಗುತ್ತದೆ. ಫಿಸಿಯೋಥೆರಪಿಸ್ಟರನ್ನು ವಿಚಾರಿಸುವುದು ಒಳ್ಳೆಯದು.

ಎರಡನೆಯದು, ದೂಡುವವರು ಯಾರು? ಕೈಯಲ್ಲಿ ಶಕ್ತಿ ಇದ್ದರೆ ಹಿಂಬದಿಗೆ 24 ಇಂಚಿನ ದೊಡ್ಡ ಗಾಲಿ, ಹೊರಬದಿಯ ಬಳೆ ಇರಲಿ. ನಾಲ್ಕೂ ಸಣ್ಣ ಗಾಲಿ ಇರುವ ಕುರ್ಚಿ ಹಗುರ, ಕಾರಿನಲ್ಲಿಡಲು ಸುಲಭ. ಆದರೆ ಅದು ಫಿಲಿಪನ ಕುರ್ಚಿ. ಕಿಟಕಿಯ ಬಳಿಗೆ ಹೋಗಬೇಕಾದರೂ ಅಜ್ಜಿ ಯಾರನ್ನಾದರೂ ಕರೆಯಬೇಕು. ಕೈಗಳೂ ಸೋತವರಿಗೆ ಬ್ಯಾಟರಿ ಕುರ್ಚಿ ಇದೆ. ಆದರೆ ಅದರ ತೂಕ, ಚಾರ್ಜಿಂಗ್, ರಿಪೇರಿಗಳನ್ನು ಯೋಚಿಸಿಯೇ ಕೊಳ್ಳಬೇಕು.

ಮೂರನೆಯದು ಅಳತೆ. ಅಂಗಡಿಯ ಸಾಮಾನ್ಯ ಕುರ್ಚಿಯ ಆಸನ 18 ಇಂಚು ಅಗಲ. ಕೂತಾಗ ಸೊಂಟದ ಅಗಲ 14 ಇಂಚಿರುವ ಬಡಕಲು ದೇಹದ ಅಜ್ಜಿ ಅದರಲ್ಲಿ ಒಂದು ಪಕ್ಕಕ್ಕೆ ವಾಲುತ್ತಾರೆ, ಗಾಲಿ ಕೈಗೆಟುಕುವುದಿಲ್ಲ. ಸೊಂಟದ ಅಗಲಕ್ಕಿಂತ ಒಂದು ಇಂಚು ಹೆಚ್ಚಿದ್ದರೆ ಸಾಕು. ಬೆನ್ನು ಒರಗಿಸಿ ಕೂತಾಗ ಆಸನದ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಬೆರಳು ತೂರಬೇಕು. ಕಾಲಿಡುವ ಹಲಗೆ ತೀರಾ ಕೆಳಗಿದ್ದರೆ ಕೂತವರು ಮುಂದಕ್ಕೆ ಜಾರುತ್ತಾರೆ. ತೀರಾ ಮೇಲಿದ್ದರೆ ಭಾರವೆಲ್ಲ ಹಿಂಬದಿಗೆ ಬೀಳುತ್ತದೆ. ಕೈಯಿಡುವ ಪಟ್ಟಿ ತೆಗೆಯುವಂತಿದ್ದರೆ, ಕಾಲಿನ ಹಲಗೆ ಪಕ್ಕಕ್ಕೆ ಸರಿಯುವಂತಿದ್ದರೆ ಮಂಚಕ್ಕೂ ಕಮೋಡಿಗೂ ದಾಟಿಸುವುದು ಸುಲಭ. ಹೀಗೆ ದಾಟಿಸುವ ಮುನ್ನ ಎರಡೂ ಬ್ರೇಕ್ ಹಾಕಿರಲೇಬೇಕು.

ಕುಷನ್ ಅಲಂಕಾರದ ವಸ್ತುವಲ್ಲ, ಕುರ್ಚಿಯ ಅಂಗ. ಒಳ್ಳೆಯ ಕುಷನ್ ಇದ್ದರೂ ಆಗಾಗ ಮೈ ಸರಿಸಿ ಕೂರಿಸುತ್ತಿರಬೇಕು. ದಿನಕ್ಕೊಮ್ಮೆ ಚರ್ಮ ಕೆಂಪಾಗಿದೆಯೇ ಎಂದು ನೋಡಬೇಕು.

ಕೊನೆಯದು ಮನೆ. 18 ಇಂಚಿನ ಆಸನವಿರುವ ಕುರ್ಚಿಯ ಹೊರ ಅಗಲ 25 ಇಂಚಿನ ಆಸುಪಾಸು ಇರುತ್ತದೆ. ಬಚ್ಚಲುಮನೆಯ ಬಾಗಿಲು ಎರಡು ಅಡಿಯದಾದರೆ ಕುರ್ಚಿ ಹೊರಗೇ ನಿಲ್ಲುತ್ತದೆ. ಹಳೆಯ ಮನೆಗಳ ಎತ್ತರದ ಹೊಸಿಲು, ಜಗುಲಿಯ ಮೆಟ್ಟಿಲು ಇನ್ನೊಂದು ಅಡ್ಡಿ. ಒಂದು ಇಂಚು ಎತ್ತರಕ್ಕೆ 12 ಇಂಚು ಉದ್ದದ ಇಳಿಜಾರು ಬೇಕೆಂಬುದು ಲೆಕ್ಕ. ಅರ್ಧ ಅಡಿಯ ಮೆಟ್ಟಿಲಿಗೆ ಆರು ಅಡಿ. ಹಲಗೆ ಅಡ್ಡಹಾಕಿ ಕಡಿದಾಗಿ ಇಳಿಸುವುದು ಅಪಾಯ.

ಇಷ್ಟಾದ ಮೇಲೂ ಒಂದು ಕೆಲಸ ಉಳಿಯುತ್ತದೆ: ಸಾಧ್ಯವಾದರೆ ಅಜ್ಜಿಯನ್ನೇ ಅಂಗಡಿಗೆ ಕರೆದೊಯ್ಯುವುದು, ಇಲ್ಲವೇ ಕುರ್ಚಿಯನ್ನು ಮನೆಗೆ ತರಿಸಿ ಅರ್ಧ ಗಂಟೆ ಕೂರಿಸಿ ನೋಡುವುದು. ಎಲ್ಲಿ ಒತ್ತುತ್ತದೆ, ಎಲ್ಲಿಗೆ ಹೋಗುವ ಆಸೆ ಎಂದು ಕೇಳುವುದು. ದೇವರ ಮನೆಯೋ, ಅಡುಗೆಮನೆಯೋ, ಬೀದಿ ಕಾಣುವ ಜಗುಲಿಯೋ? ಫಿಲಿಪನ ಕುರ್ಚಿಯಿಂದ ಹ್ಯಾಮಿಲ್ಟನ್‌ರ ಕುರ್ಚಿಯವರೆಗೆ ಚರಿತ್ರೆ ನೆನಪಿಟ್ಟುಕೊಂಡ ಗಾಲಿಕುರ್ಚಿಗಳೆಲ್ಲ ಯಾರೋ ಒಬ್ಬರಿಗಾಗಿ ಮಾಡಿದವು. ಅಜ್ಜಿಯ ಕುರ್ಚಿಯೂ ಅಜ್ಜಿಗಾಗಿಯೇ ಆರಿಸಿದ್ದಾಗಿರಲಿ.